13 ವರ್ಷದ ಮಗ ಬೈಗುಳ ತುಂಬಿದ ರ‍್ಯಾಪ್ ಕೇಳುತ್ತಾನೆ. ಬಿಡಬಹುದಾ?

ನೀವು ಕೇಳಿದ್ದು ಇಷ್ಟು. ಶಿರಸಿಯಲ್ಲಿ ಎಂಟನೇ ಕ್ಲಾಸಿಗೆ ಹೋಗುವ ಮಗ ಮನೆಗೆ ಬಂದವನೇ ಇಯರ್‌ಫೋನ್ ಹಾಕಿಕೊಂಡು ಇಂಗ್ಲಿಷ್, ಹಿಂದಿ ರ‍್ಯಾಪ್ ಕೇಳುತ್ತಾನೆ. ಎಷ್ಟೋ ಹಾಡುಗಳ ಪಕ್ಕದಲ್ಲಿ ಚಿಕ್ಕ ಚೌಕದೊಳಗೆ ಇಂಗ್ಲಿಷಿನ 'ಇ' ಅಕ್ಷರ ಇರುತ್ತದೆ, ಅಂದರೆ ಎಕ್ಸ್‌ಪ್ಲಿಸಿಟ್, ಹಾಡಿನಲ್ಲಿ ಹಸಿಹಸಿ ಮಾತು ಇದೆ ಅಂತ ಎಚ್ಚರಿಕೆ. ಅದನ್ನು ಕಂಡು ನಿಮಗೆ ಗಾಬರಿ. ನಿಲ್ಲಿಸಬೇಕಾ, ಬಿಡಬೇಕಾ?

ಬರೀ ಆ ಗುರುತು ನೋಡಿ ತೀರ್ಮಾನ ಮಾಡಬೇಡಿ. ಹಾಡುವವನು ಯಾರ ಮೇಲೆ ಹರಿಹಾಯುತ್ತಿದ್ದಾನೆ ಅನ್ನುವುದನ್ನು ನೋಡಿ.

ನಾನು ಕಾರವಾರದಲ್ಲಿ ಮೈಕ್‌ಸೆಟ್ ಇಟ್ಟುಕೊಂಡವನು. ಮದುವೆ, ಗಣಪತಿ, ಶಾಲೆಗಳ ಗ್ಯಾದರಿಂಗ್ ಎಲ್ಲಕ್ಕೂ ಹೋಗುತ್ತೇನೆ. ಡಿಸೆಂಬರ್ ಬಂತು ಅಂದರೆ ಮಕ್ಕಳು ಡ್ಯಾನ್ಸಿನ ಹಾಡು ತುಂಬಿಸಿ ಪೆನ್‌ಡ್ರೈವ್ ತಂದು ಕೊಡುತ್ತಾರೆ. ಪಂಜಾಬಿ ಹಾಡಾದರೆ ಟೀಚರಿಗೂ ಅರ್ಥ ಆಗಿರುವುದಿಲ್ಲ, ಬೀಟ್ ಚೆನ್ನಾಗಿದೆ ಅಂತ ಒಪ್ಪಿಕೊಂಡಿರುತ್ತಾರೆ. ಕೊನೆಗೆ ಅಪ್ಪ ಅಮ್ಮಂದಿರ ಎದುರು ಅದು ಹೊರಡುವುದು ನನ್ನ ಬಾಕ್ಸಿನಿಂದ ಅಲ್ವಾ? ಹಾಗಾಗಿ ಈ ತಲೆಬಿಸಿ ನನಗೆ ವರ್ಷವೂ ಇದ್ದದ್ದೇ.

ಮೊದಲು ಆ ಗುರುತಿನ ಕಥೆ. ಅದನ್ನು ಹಾಕುವುದು ಸರಕಾರವೂ ಅಲ್ಲ, ಸೆನ್ಸಾರ್ ಬೋರ್ಡೂ ಅಲ್ಲ. ಹಾಡು ಹೊರತರುವ ಕಂಪನಿಯೋ ಹಾಡಿದವನೋ ತಾವೇ ಹಾಕಿಕೊಳ್ಳುವುದು. ಸಿನಿಮಾಕ್ಕಾದರೆ ನಮ್ಮಲ್ಲಿ 2024ರ ನಿಯಮದಲ್ಲಿ ಯುಎ 7+, 13+, 16+ ಅಂತ ವಯಸ್ಸಿನ ಮೆಟ್ಟಿಲಾದರೂ ಇದೆ. ಈ 'ಇ'ಗೆ ವಯಸ್ಸೇ ಇಲ್ಲ. ಒಂದು ಕೆಟ್ಟ ಪದ ಇದ್ದರೂ ಅದೇ ಗುರುತು, ಹಾಡಿಡೀ ರಕ್ತಪಾತ ಇದ್ದರೂ ಅದೇ.

ತಮಾಷೆ ಏನೆಂದರೆ ಇದು ಹುಟ್ಟಿದ್ದು ರ‍್ಯಾಪ್‌ನಿಂದಲೇ ಅಲ್ಲ. ಅಮೆರಿಕದಲ್ಲಿ ಟಿಪ್ಪರ್ ಗೋರ್ ಅನ್ನುವವರು, ಮುಂದೆ ಉಪಾಧ್ಯಕ್ಷರಾದ ಅಲ್ ಗೋರ್ ಅವರ ಹೆಂಡತಿ, ಮಗಳಿಗೆ ಅಂತ ಪ್ರಿನ್ಸ್ ಅನ್ನುವ ಪಾಪ್ ಗಾಯಕನ ರೆಕಾರ್ಡ್ ತಂದಿದ್ದರು. ಅದರಲ್ಲಿದ್ದ ಒಂದು ಹಾಡು ಕೇಳಿ ದಂಗಾದರು. ಇನ್ನಷ್ಟು ಹೆಂಗಸರ ಜೊತೆ ಸೇರಿ, ಇಂಥ ರೆಕಾರ್ಡಿನ ಮೇಲೆ ಎಚ್ಚರಿಕೆಯ ಚೀಟಿ ಅಂಟಿಸಬೇಕು ಅಂತ ಗಲಾಟೆ ಎಬ್ಬಿಸಿದರು. 1985ರಲ್ಲಿ ಸೆನೆಟ್ ಎದುರು ವಿಚಾರಣೆಯೇ ನಡೆಯಿತು. ಅಲ್ಲಿ ಗಾಯಕ ಜಾನ್ ಡೆನ್ವರ್ ಕೂಡ ಬಂದು ಚೀಟಿ ಬೇಡ ಅಂತ ವಾದಿಸಿದರು. ಬೆಟ್ಟದ ಚೆಲುವಿನ ಮೇಲೆ ಅವರು ಬರೆದ ಹಾಡನ್ನು ಡ್ರಗ್ಸ್ ಹಾಡು ಅಂದುಕೊಂಡು ಕೆಲವು ರೇಡಿಯೋದವರು ಹಾಕುವುದನ್ನೇ ಬಿಟ್ಟಿದ್ದರಂತೆ! ಆದರೂ ಚೀಟಿ ಬಂತು. 1990ರಲ್ಲಿ ಎಲ್ಲ ಕಂಪನಿಗಳಿಗೂ ಒಂದೇ ತರಹದ ಕಪ್ಪು-ಬಿಳುಪು ಚೀಟಿಯಾಯಿತು. ನಿಮ್ಮ ಮಗನ ಮೊಬೈಲಿನಲ್ಲಿ ಕಾಣುವ 'ಇ' ಅದರದ್ದೇ ಮುಂದುವರಿಕೆ.

ಬೈಗುಳ ತೆಗೆದ ಕ್ಲೀನ್ ವರ್ಷನ್ ಹಾಕಿದರೆ ಆಯಿತಲ್ಲ ಅಂತ ಕೆಲವರು ಹೇಳುತ್ತಾರೆ. ನಾನೂ ಶಾಲೆಗಳಲ್ಲಿ ಅದನ್ನೇ ಹಾಕುವುದು. ಒಮ್ಮೆ ಒಂದು ಗ್ಯಾದರಿಂಗ್‌ನಲ್ಲಿ ಅಂಥ ಹಾಡು ಹೊರಟಿತು. ಆ ಪದ ಬರುವ ಜಾಗದಲ್ಲಿ ಅರ್ಧ ಸೆಕೆಂಡ್ ಮೌನ. ಅಷ್ಟರಲ್ಲಿ ಹಿಂದಿನ ಸಾಲಿನ ಹುಡುಗರೆಲ್ಲ ಒಟ್ಟಿಗೆ ಕಿರುಚಿ ಆ ಜಾಗ ತುಂಬಿಸಿದರು! ಎಲ್ಲರಿಗೂ ಬಾಯಿಪಾಠ. ಮುಂದೆ ಕೂತ ಮುಖ್ಯ ಅತಿಥಿಗಳು ಏನೋ ಘೋಷಣೆ ಇರಬೇಕು ಅಂದುಕೊಂಡು ಚಪ್ಪಾಳೆ ತಟ್ಟಿದರು. ಕ್ಲೀನ್ ವರ್ಷನ್‌ನಲ್ಲಿ ಹೋಗುವುದು ಪದ ಮಾತ್ರ, ಕಥೆ ಅಲ್ಲೇ ಇರುತ್ತದೆ.

ಇನ್ನು ಕೆಲವು ಹಾಡುಗಳಲ್ಲಿ ಒಂದೂ ಬೈಗುಳ ಇಲ್ಲ, 'ಇ'ಯೂ ಇಲ್ಲ. ಆದರೆ ಹುಡುಗಿ ಬೇಡ ಅಂದರೂ ಬೆನ್ನು ಬೀಳುವುದು, ಬಂದೂಕು ತೋರಿಸುವುದು, ಕುಡಿದು ಗಾಡಿ ಓಡಿಸುವುದೇ ಗಂಡಸುತನ. ಮದುವೆ ಹಾಲಿನಲ್ಲಿ ಅದಕ್ಕೆ ಅಜ್ಜಿಯಂದಿರೂ ಕುಣಿಯುತ್ತಾರೆ. ಮದ್ಯ, ಡ್ರಗ್ಸ್, ಹಿಂಸೆಯನ್ನು ಹೊಗಳುವ ಹಾಡುಗಳನ್ನು ಲೈವ್ ಶೋಗಳಲ್ಲೂ ಹಾಕದಂತೆ ನೋಡಿಕೊಳ್ಳಿ ಅಂತ 2019ರಲ್ಲಿ ಪಂಜಾಬ್-ಹರಿಯಾಣ ಹೈಕೋರ್ಟ್ ಪೊಲೀಸರಿಗೆ ಹೇಳಬೇಕಾಗಿ ಬಂದಿತ್ತು. ನನ್ನ ಲೆಕ್ಕದಲ್ಲಿ 13ರ ಹುಡುಗನಿಗೆ ಇವೇ ಜಾಸ್ತಿ ಅಪಾಯ, ಯಾಕೆಂದರೆ ಇವನ್ನು ಯಾರೂ ತಡೆಯುವುದಿಲ್ಲ.

ಇನ್ನೊಂದು ಕಡೆ ನೋಡಿ. ಕೆಂಡ್ರಿಕ್ ಲಮಾರ್ ಅನ್ನುವ ರ‍್ಯಾಪರ್‌ಗೆ 2018ರಲ್ಲಿ ಒಂದು ಆಲ್ಬಮ್‌ಗಾಗಿ ಸಂಗೀತದ ಪುಲಿಟ್ಜರ್ ಬಂತು, ಅದು ಅಮೆರಿಕದ ದೊಡ್ಡ ಪ್ರಶಸ್ತಿ. ಅದುವರೆಗೆ ಶಾಸ್ತ್ರೀಯ, ಜಾಝ್ ಬಿಟ್ಟು ಬೇರೆಯವರಿಗೆ ಅದು ಸಿಕ್ಕಿರಲಿಲ್ಲ. ಆ ಆಲ್ಬಮ್ ಮೇಲೂ ಇದೇ ಚೀಟಿ ಇದೆ! ಅಲ್ಲಿ ಬೈಗುಳದ ಹಿಂದೆ ಹೆದರಿಕೆ ಇದೆ, ದೇವರ ಜೊತೆ ಜಗಳ ಇದೆ, ತನ್ನನ್ನೇ ಕೆದಕಿ ನೋಡುವುದು ಇದೆ. ಅದಕ್ಕೇ ಯಾರ ಮೇಲೆ ಹರಿಹಾಯುತ್ತಿದ್ದಾನೆ ನೋಡಿ ಅಂದಿದ್ದು. ಪೊಲೀಸರ ಮೇಲಾ, ಬಡತನದ ಮೇಲಾ, ತನ್ನ ಮೇಲೇನಾ? ಅಥವಾ ತನಗಿಂತ ಕೈಲಾಗದವರ ಮೇಲಾ? ಕೊನೆಯದಾದರೆ ಬೀಟ್ ಎಷ್ಟೇ ಚೆನ್ನಾಗಿರಲಿ, ನಾನು ಮಗನ ಹತ್ತಿರ ಮಾತಾಡುತ್ತೇನೆ.

ನಮ್ಮ ಕಡೆ ಮಕ್ಕಳು ಕೆಟ್ಟ ಮಾತು ಕೇಳದೇ ಬೆಳೆದದ್ದು ಯಾವಾಗ ಹೇಳಿ? ಹೋಳಿಯಲ್ಲಿ ಕಾಮನನ್ನು ಸುಡುವಾಗ ಬಾಯಿ ಬಡಿದುಕೊಂಡು ಕೂಗುವುದನ್ನು ನೀವೂ ಕೇಳಿರುತ್ತೀರಿ. ಯಕ್ಷಗಾನದ ಆಟದಲ್ಲಿ ಹಾಸ್ಯಗಾರ ಎರಡರ್ಥದ ಮಾತಾಡಿದರೆ ಮಕ್ಕಳ ಪಕ್ಕದಲ್ಲೇ ಕೂತು ನಗುತ್ತೇವೆ. ಆದರೆ ಅದಕ್ಕೆ ಒಂದು ದಿನ ಇದೆ, ಒಂದು ಜಾಗ ಇದೆ, ಹದ್ದು ಮೀರಿದರೆ ಗದರಿಸುವ ದೊಡ್ಡವರಿದ್ದಾರೆ. ಇಯರ್‌ಫೋನಿನೊಳಗೆ ದಿನಾ ಹೋಳಿ, ದೊಡ್ಡವರು ಯಾರೂ ಇಲ್ಲ. ನನಗೆ ಕಸಿವಿಸಿ ಇರುವುದು ಅಲ್ಲಿ.

ವಯಸ್ಸಿನ ಮಾತು. ಹತ್ತರ ಒಳಗಿನವರಿಗೆ ಬೇಡ, ಅದರಲ್ಲಿ ಚರ್ಚೆಯೇ ಇಲ್ಲ. ಅವರು ಹಾಡನ್ನು ಕಥೆ ಅಂತ ತಿಳಿಯುವುದಿಲ್ಲ, ಸುಮ್ನೆ ಹೇಳಿದ್ದನ್ನು ಹೇಳುತ್ತಾರೆ. ಹದಿನಾರರವನನ್ನು ತಡೆಯುತ್ತೇನೆ ಅನ್ನುವುದು ಸುಳ್ಳು, ಗೆಳೆಯನ ಮೊಬೈಲ್ ಇದ್ದೇ ಇರುತ್ತದೆ. ನಿಮ್ಮ ಮಗ ನಡುವೆ ಇದ್ದಾನೆ. ಸ್ಪಾಟಿಫೈ ಸೆಟ್ಟಿಂಗ್ಸ್‌ನಲ್ಲಿ 'ಇ' ಹಾಡುಗಳನ್ನು ಬಂದ್ ಮಾಡಬಹುದು, ಫ್ಯಾಮಿಲಿ ಪ್ಲಾನ್ ಇದ್ದರೆ ನಿಮ್ಮ ಕಡೆಯಿಂದಲೇ ಆಗುತ್ತದೆ. ಆದರೆ ಅವನಿಗೆ ಹೇಳದೇ ಮಾಡಬೇಡಿ. ಹಾಡು ಕೆಲಸಕ್ಕೆ ಬಾರದು ಅಂತ ಬೈಯುವ ಮೊದಲು ಸಾಹಿತ್ಯವನ್ನು ಪರದೆ ಮೇಲೆ ತೆರೆದು ಒಮ್ಮೆ ಓದಿ. ಎಷ್ಟೋ ಸಲ ಮಕ್ಕಳಿಗೂ ಅರ್ಥ ಗೊತ್ತಿರುವುದಿಲ್ಲ. ಕೂತು ಓದಿದರೆ ತಾವೇ ನಾಚಿಕೊಂಡು ಅಳಿಸುತ್ತಾರೆ.

ಒಂದು ವಿಷಯದಲ್ಲಿ ಮಾತ್ರ ಗಟ್ಟಿಯಾಗಿರಿ. ಕಪ್ಪು ಜನರನ್ನು ಗುಲಾಮಗಿರಿಯ ಕಾಲದಿಂದ ಹೀಯಾಳಿಸಿದ ಒಂದು ಪದವನ್ನು ಅಮೆರಿಕದ ರ‍್ಯಾಪರ್‌ಗಳು ತಮ್ಮತಮ್ಮಲ್ಲಿ ಬಳಸುತ್ತಾರೆ. ನಮ್ಮ ಹುಡುಗರು ಅದನ್ನು ಸ್ಟೈಲಿಗೆ ಹೇಳುತ್ತಾರೆ. ನಮ್ಮದು ಆಫ್ರಿಕಾ ಮೂಲದ ಸಿದ್ದಿ ಜನ ಇರುವ ಜಿಲ್ಲೆ. ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಹುಡುಗ ಶಾಲೆಯಲ್ಲಿ ನಿಮ್ಮ ಮಗನ ಪಕ್ಕದ ಬೆಂಚಿನಲ್ಲೇ ಇರಬಹುದು. ಹಾಡಿದವನಿಗೆ ಅದು ಅವನ ಮನೆಯ ಮಾತು, ನಿನಗಲ್ಲ ಅಂತ ಬಿಡಿಸಿ ಹೇಳಿ. 13ರ ಹುಡುಗನಿಗೆ ಚೆನ್ನಾಗಿ ಅರ್ಥವಾಗುತ್ತದೆ.

ಕಳೆದ ಮಳೆಗಾಲದಲ್ಲಿ ಮೀನುಗಾರರ ಮನೆಯ ಒಬ್ಬ ಹುಡುಗ ತಾನೇ ಬರೆದ ರ‍್ಯಾಪ್ ರೆಕಾರ್ಡ್ ಮಾಡಿಕೊಡಿ ಅಂತ ನನ್ನ ಹತ್ತಿರ ಬಂದ. ಹಳೇ ನೋಟ್‌ಬುಕ್ಕಿನ ಹಿಂದಿನ ಪುಟ. ಮೊದಲ ನಾಲ್ಕು ಸಾಲು ಬರೀ ಇಂಗ್ಲಿಷ್ ಬೈಗುಳ, ಚಿನ್ನದ ಸರ, ಅವನು ನೋಡದೇ ಇದ್ದ ಕಾರು. ಆಮೇಲೆ ಕೊಂಕಣಿ-ಕನ್ನಡ ಕಲಸಿದ ಎಂಟು ಸಾಲು. ಜೂನ್, ಜುಲೈ ಬೋಟ್ ಬಂದ್, ಅಪ್ಪ ದಿನವಿಡೀ ಜಗಲಿಯಲ್ಲಿ ಬಲೆ ಹೊಲಿಯುತ್ತಾ ಕೂರುವುದು, ಅಂಗಡಿಯ ಉದ್ದರಿ ಪುಸ್ತಕ. ಒಂದು ಕಡೆ ಬೋಟಿನ ಮಾಲೀಕನಿಗೆ ಸರಿಯಾಗಿ ಬೈದಿದ್ದ. ಮೊದಲ ನಾಲ್ಕು ಸಾಲು ಹೊಡೆದುಹಾಕು, ಆ ಬೈಗುಳ ಇರಲಿ ಅಂದೆ. ಅವನಿಗೆ ಆಶ್ಚರ್ಯ. ಅದು ಅವನು ಕಂಡದ್ದರಿಂದ ಬಂದ ಸಿಟ್ಟು, ಉಳಿದದ್ದು ಎರವಲು ತಂದದ್ದು.

ನಿಮ್ಮ ಮಗನಿಗೂ ಒಂದು ಅವಕಾಶ ಕೊಡಿ. ಅವನಿಗೆ ಇಷ್ಟದ ಮೂರು ಹಾಡು ಆರಿಸಲು ಹೇಳಿ, ಯಾಕೆ ಇಷ್ಟ ಅಂತ ಕೇಳಿ, ನಡುವೆ ಬಾಯಿ ಹಾಕಬೇಡಿ. ಎದುರುಬದುರು ಕೂತು ಕೇಳಿದರೆ ವಿಚಾರಣೆ ತರಹ ಆಗುತ್ತದೆ. ಕುಮಟಾಕ್ಕೆ ಬರುವಾಗ ಕಾರಿನಲ್ಲಿ ಹಾಕಿ, ಇಬ್ಬರೂ ರಸ್ತೆ ನೋಡುತ್ತಾ ಇರುತ್ತೀರಿ, ಮಾತು ಸಲೀಸಾಗಿ ಬರುತ್ತದೆ. ದೇವಿಮನೆ ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ, ಮನೆಯಲ್ಲೇ ಡೌನ್‌ಲೋಡ್ ಮಾಡಿಕೊಳ್ಳಲು ಹೇಳಿ.