ಏರಿಯ ಬುಡದಲ್ಲಿ ನೀರು ಒಸರುತ್ತಿದೆ, ಮುಚ್ಚಬಹುದಾ?

ಪ್ರಶ್ನೆ: ನಮ್ಮ ಪುಟ್ಟ ಪಟ್ಟಣಕ್ಕೆ ಕುಡಿಯುವ ನೀರು ಬರುವುದು ಹಳೇ ಮಣ್ಣಿನ ಅಣೆಕಟ್ಟಿನಿಂದ. ಏರಿಯ ಹೊರಬದಿ ಬುಡದಲ್ಲಿ ಒಂದು ಕಡೆ ಯಾವಾಗಲೂ ತೇವ, ಬೇಸಿಗೆಯಲ್ಲೂ ಹುಲ್ಲು ಹಸಿರು. ಈಗ ಸಣ್ಣಗೆ ನೀರೂ ಹರಿಯುತ್ತಿದೆ. ಜೇಡಿಮಣ್ಣು ಮೆತ್ತಿ ಮುಚ್ಚೋಣ ಎಂದು ಕೆಲವರು, ನೀರನ್ನೆಲ್ಲ ಬೇಗ ಖಾಲಿ ಮಾಡಿಸಿ ಎಂದು ಇನ್ನು ಕೆಲವರು. ಏರಿ ಮೇಲೆ ದೊಡ್ಡ ಮರಗಳೂ ಇವೆ. ಏನು ಮಾಡುವುದು?

ಉತ್ತರ: ದಯವಿಟ್ಟು ಮೆತ್ತಬೇಡಿ. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ನೀರು ಒಸರುವುದೇ. ಹೊರಗೆ ಬಾಯಿ ಮುಚ್ಚಿದರೆ ಒಳಗಿನ ನೀರು ಸುಮ್ನೆ ಇರುವುದಿಲ್ಲ. ಒತ್ತಡ ಜಾಸ್ತಿಯಾಗಿ ಇನ್ನೊಂದು ಕಡೆ ದಾರಿ ಮಾಡಿಕೊಳ್ಳುತ್ತದೆ.

ನೀರಿಗಿಂತ ಅದರ ಜೊತೆ ಮಣ್ಣು ಬರುತ್ತಿದೆಯಾ ಅನ್ನುವುದು ಮುಖ್ಯ. ಒಂದು ಗಾಜಿನ ಬಾಟಲಿಯಲ್ಲಿ ಆ ನೀರು ಹಿಡಿದು ಅರ್ಧ ಗಂಟೆ ಅಲುಗಾಡಿಸದೆ ಇಡಿ. ನೀರು ತಿಳಿಯಾಗಿದ್ದು ತಳವೂ ಸ್ವಚ್ಛವಾಗಿದ್ದರೆ ಸದ್ಯಕ್ಕೆ ಗಾಬರಿ ಬೇಡ. ನೀರು ಕದಡಿದ್ದರೆ ಅಥವಾ ಮಣ್ಣು ಕೂತಿದ್ದರೆ ಆ ಕ್ಷಣವೇ ಅಣೆಕಟ್ಟು ನೋಡಿಕೊಳ್ಳುವವರಿಗೆ ತಿಳಿಸಿ. ನೀರು ಮಣ್ಣಿನ ಕಣಗಳನ್ನು ಎಳೆದು ತರುತ್ತಿದ್ದರೆ, ಬುಡದಿಂದ ಜಲಾಶಯದ ಕಡೆಗೆ ಒಳಗೊಳಗೇ ಬಿಲ ಕೊರೆಯುತ್ತಾ ಹೋಗುತ್ತದೆ. ಎಂಜಿನಿಯರುಗಳು ಇದನ್ನು ಪೈಪಿಂಗ್ ಅನ್ನುತ್ತಾರೆ. ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ 1976ರ ಜೂನ್ 5ರಂದು ಬೆಳಿಗ್ಗೆ ಕೆಸರು ನೀರು ಕಂಡಿತು, ಮಧ್ಯಾಹ್ನ 12 ಗಂಟೆಯೊಳಗೆ ಏರಿ ಒಡೆಯಿತು. ಅದು ಹಳೇದಲ್ಲ, ಮೊದಲ ಸಲ ನೀರು ತುಂಬಿಸುತ್ತಿದ್ದ ಹೊಸ ಅಣೆಕಟ್ಟು! ಹಾಗಾಗಿ ವಯಸ್ಸೊಂದನ್ನೇ ನೋಡಿ ಹೆದರಬೇಡಿ.

ಬಾಟಲಿಯ ಜೊತೆ ಒಂದು ಬಕೆಟ್ಟೂ ಬೇಕು. ಒಸರುವ ನೀರನ್ನು ಸಣ್ಣ ಕಾಲುವೆಯಲ್ಲಿ ಕೂಡಿಸಿ, 10 ಲೀಟರ್ ಬಕೆಟ್ ತುಂಬಲು ಎಷ್ಟು ಹೊತ್ತು ಬೇಕು ಎಂದು ವಾರಕ್ಕೊಮ್ಮೆ ಬರೆದಿಡಿ. ಪಕ್ಕದಲ್ಲೇ ಅಂದಿನ ಜಲಾಶಯದ ಮಟ್ಟವನ್ನೂ ಬರೆಯಿರಿ, ಅದಿಲ್ಲದಿದ್ದರೆ ಲೆಕ್ಕಕ್ಕೆ ಅರ್ಥವಿಲ್ಲ. ಮಟ್ಟ ಅಷ್ಟೇ ಇದ್ದು ಬಕೆಟ್ ಬೇಗ ತುಂಬತೊಡಗಿದರೆ ಅದು ಎಚ್ಚರಿಕೆ. ಹರಿವು ಏಕಾಏಕಿ ನಿಂತರೂ ಖುಷಿಪಡಬೇಡಿ, ಒಳಗೆಲ್ಲೋ ಕಟ್ಟಿಕೊಂಡಿರಬಹುದು.

ಬೇಗ ಖಾಲಿ ಮಾಡುವ ಮಾತು ಕೇಳಲು ಚೆನ್ನ. ಆದರೆ ಒಳಬದಿಯ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಎದುರಿನ ನೀರೇ ಅದಕ್ಕೆ ಆಸರೆ. ಆ ಆಸರೆ ಥಟ್ಟನೆ ಹೋದರೆ ಇಳಿಜಾರು ಕುಸಿಯಬಹುದು. ಇಳಿಸಲೇಬೇಕಿದ್ದರೆ ಎಷ್ಟು ನಿಧಾನವಾಗಿ ಅನ್ನುವುದನ್ನು ಎಂಜಿನಿಯರ್ ಹೇಳಲಿ.

ಮರಗಳನ್ನೂ ಅವಸರದಲ್ಲಿ ಕಡಿಯಬೇಡಿ. ಬುಡ ಕಡಿದು ಬಿಟ್ಟರೆ ಬೇರು ಕೊಳೆತು, ನೀರಿಗೆ ಟೊಳ್ಳು ದಾರಿ ಬಿಡುತ್ತದೆ. ಎಳೆ ಗಿಡಗಳನ್ನು ಈಗಲೇ ಕಿತ್ತುಬಿಡಿ. ದೊಡ್ಡವನ್ನು ನೀರು ಕಡಿಮೆ ಇದ್ದಾಗ ಬೇರುಸಮೇತ ತೆಗೆಸಿ, ಗುಂಡಿಗೆ ಪದರ ಪದರವಾಗಿ ಮಣ್ಣು ಹಾಕಿ ದಮ್ಮಸ್ಸು ಮಾಡಿಸಬೇಕು.

ನೀವು ಒಂದು ವಿಷಯ ಬರೆದಿಲ್ಲ. ಪಟ್ಟಣಕ್ಕೆ ನೀರು ಒಯ್ಯುವ ಪೈಪು ಏರಿಯನ್ನು ಎಲ್ಲಿ ಹಾದುಹೋಗುತ್ತದೆ? ಹಳೇ ಕಬ್ಬಿಣದ ಪೈಪು ತುಕ್ಕು ಹಿಡಿದು ತೂತಾಗುತ್ತದೆ, ಅದರ ಮೈಗುಂಟವೇ ನೀರು ಜಾರುತ್ತದೆ. ಒಸರು ಆ ಪೈಪಿನ ನೇರಕ್ಕೇ ಇದ್ದರೆ, ಬಾಟಲಿ ಎಷ್ಟೇ ತಿಳಿಯಾಗಿರಲಿ, ಈ ವಾರವೇ ಎಂಜಿನಿಯರ್ ಬಂದು ನೋಡಬೇಕು.