ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕ್‌ನಲ್ಲಿ ಓಡಿಸುವ ದಿನ) ಮನೆಯಲ್ಲೇ ಕಾರು ಸಿದ್ಧಪಡಿಸುವಾಗ ಮೊದಲು ಏನನ್ನು ಬದಲಿಸಬೇಕು?

ಬ್ರೇಕ್. ಇಂಜಿನ್ ಅಲ್ಲ. ವೇಗ ಗಂಟೆಗೆ 100ರಿಂದ 140 ಕಿ.ಮೀ.ಗೆ ಏರಿದರೆ ಬ್ರೇಕ್ ತಡೆಯಬೇಕಾದ ಶಕ್ತಿ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಅದೆಲ್ಲ ಶಾಖವಾಗಿ ಡಿಸ್ಕ್, ಪ್ಯಾಡ್ ದಾಟಿ ಬ್ರೇಕ್ ಆಯಿಲ್‌ಗೂ ತಲುಪುತ್ತದೆ. ಡಾಟ್ 4 ದರ್ಜೆಯ ಹೊಸ ಬ್ರೇಕ್ ಆಯಿಲ್ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯುವುದಿಲ್ಲ. ಆದರೆ ಅದು ಗಾಳಿಯ ತೇವ ಹೀರುತ್ತಾ ಹೋಗುತ್ತದೆ. ಹಳೆಯದಾದಂತೆ ಈ ಮಿತಿ 155ರ ಹತ್ತಿರಕ್ಕೂ ಇಳಿಯಬಹುದು. ಕುದ್ದರೆ ಒಳಗೆ ಆವಿಯ ಗುಳ್ಳೆಗಳಾಗಿ, ಎಷ್ಟು ತುಳಿದರೂ ಪೆಡಲ್ ಕೆಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ಹಾಗಾಗಿ ಆಯಿಲ್ ಪೂರ್ತಿ ಬದಲಿಸಿ, ಬ್ರೇಕ್ ಪೈಪ್‌ಗಳೊಳಗಿನ ಗಾಳಿ ತೆಗೆದು, ಹೆಚ್ಚು ಶಾಖ ತಾಳುವ ಪ್ಯಾಡ್ ಹಾಕಿಸಿ. ದಯವಿಟ್ಟು ಇಲ್ಲಿ ದುಡ್ಡು ಉಳಿಸಲು ಹೋಗಬೇಡಿ. ಆಮೇಲೆ ಟೈರ್, ವೀಲ್ ಅಲೈನ್‌ಮೆಂಟ್, ಸಸ್ಪೆನ್ಷನ್. ಇಂಜಿನ್ ಪವರ್ ಹೆಚ್ಚಿಸುವುದು ಕಡೆಗಿರಲಿ, ಅದಕ್ಕೂ ಮುಂಚೆ ಕೂಲಿಂಗ್ ಸರಿಯಿದೆಯೇ ನೋಡಿಕೊಳ್ಳಿ.