ಟ್ರೋಮ್ಸೊದಿಂದ ಲಾಂಗ್‌ಯಿಯರ್‌ಬೀನ್‌ಗೆ ಎಷ್ಟು ದೂರ?

ತಂಗಿ, ನಿಮ್ಮ ಯಜಮಾನರಿಗೆ ನಾರ್ವೆಯ ಟ್ರೋಮ್ಸೊದಲ್ಲಿ ಕೆಲಸ, ನಿಮಗೆ ಸ್ವಾಲ್ಬಾರ್ಡ್ ದ್ವೀಪಸಮೂಹದ ಲಾಂಗ್‌ಯಿಯರ್‌ಬೀನ್‌ನಲ್ಲಿ ಕೆಲಸ. ವಾರಕ್ಕೊಮ್ಮೆ ಹೋಗಿಬರುವಷ್ಟು ಹತ್ತಿರವೇ ಎಂದು ಕೇಳಿದ್ದೀರಿ. ಅಲ್ಲಿ ನಾಲ್ಕು ಚಳಿಗಾಲ ಕಳೆದು, ಈಗ ಟ್ರೋಮ್ಸೊದಲ್ಲೇ ನೆಲೆಸಿರುವವಳು ನಾನು. ನನಗೆ ಗೊತ್ತಿರುವುದನ್ನು ಹೇಳುತ್ತೇನೆ.

ದೂರ ಸುಮಾರು 960 ಕಿ.ಮೀ., ವಿಮಾನದಲ್ಲಿ ಹೆಚ್ಚೂಕಡಿಮೆ ಒಂದು ಗಂಟೆ ನಲವತ್ತು ನಿಮಿಷ. ಬೆಂಗಳೂರಿನಿಂದ ಮುಂಬೈಗೆ ಹಾರುವುದಕ್ಕಿಂತ ತುಸು ಹೆಚ್ಚು, ಅಷ್ಟೇ. ಆದರೆ ಮುಂಬೈಗೆ ವಿಮಾನ ತಪ್ಪಿದರೆ ರೈಲಿದೆ, ರಾತ್ರಿ ಬಸ್ಸಿದೆ. ಇಲ್ಲಿ ಕೆಳಗಿರುವುದು ಬರಿಯ ಸಮುದ್ರ. ಬೇಸಿಗೆಯಲ್ಲಿ ಮಂಜು ಮುಸುಕಿದರೂ ಚಳಿಗಾಲದಲ್ಲಿ ಬಿರುಗಾಳಿ ಎದ್ದರೂ ವಿಮಾನ ಇಳಿಯಲಾಗದೆ ಹಿಂದಿರುಗುವುದುಂಟು. ಊರಿಗೆ ಹೊರಡುವಾಗ ಮುಂದಿನ ವಿಮಾನಕ್ಕೆ ನಡುವೆ ಒಂದು ದಿನವನ್ನಾದರೂ ಬಿಟ್ಟುಕೊಳ್ಳಿ.

ನಿಜವಾದ ದೂರ ಇರುವುದು ಪಾಸ್‌ಪೋರ್ಟಿನಲ್ಲಿ. ಸ್ವಾಲ್ಬಾರ್ಡ್‌ನಲ್ಲಿ ಬದುಕಲು ಯಾರಿಗೂ ವೀಸಾ ಬೇಡ. ಅದನ್ನು ನಾರ್ವೆಗೆ ಒಪ್ಪಿಸಿದ 1920ರ ಒಪ್ಪಂದದ ಕಾಲದಿಂದ ಆ ನೆಲದ ರೀತಿಯೇ ಬೇರೆ. ಆದರೆ ಅದು ನಾರ್ವೆಯದ್ದಾದರೂ, ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ದೇಶಗಳ ಷೆಂಗೆನ್ ವಲಯದ ಹೊರಗಿದೆ. ಟ್ರೋಮ್ಸೊದಲ್ಲಿ ಪಾಸ್‌ಪೋರ್ಟ್ ತೋರಿಸಿ ಹೊರಟರೆ ನೀವು ಷೆಂಗೆನ್ ಬಿಟ್ಟಂತೆ; ಮರಳಿ ಬಂದರೆ ಹೊಸದಾಗಿ ಪ್ರವೇಶಿಸಿದಂತೆ. ಇದು ತಿಳಿಯದೆ ನಾನು ಒಂದೇ ಪ್ರವೇಶದ ವೀಸಾ ಹಿಡಿದು ಹೋಗಿದ್ದೆ. ಅಕ್ಕನ ಮಗಳ ಧಾರೆಯ ದಿನ ಅಲ್ಲಿಯೇ ಕೋಣೆಯಲ್ಲಿ ಕುಳಿತು ಅತ್ತಿದ್ದೇನೆ. ನಿಮಗೆ ಹಾಗಾಗಬಾರದು. ಯಜಮಾನರ ಬಳಿ ನಾರ್ವೆಯ ವಾಸದ ಪರವಾನಗಿ ಇದ್ದರೆ ಅವರಿಗೆ ಈ ತೊಡಕಿಲ್ಲ, ಆದ್ದರಿಂದ ಮೊದಮೊದಲು ಅವರೇ ನಿಮ್ಮಲ್ಲಿಗೆ ಬರಲಿ. ಇನ್ನೊಂದು ಮಾತು: ಅಲ್ಲಿ ಕಳೆದ ವರ್ಷಗಳು ನಾರ್ವೆಯ ಕಾಯಂ ವಾಸದ ಲೆಕ್ಕಕ್ಕೆ ಸೇರುವುದಿಲ್ಲ. ಹೆರಿಗೆಗೂ ಅಲ್ಲಿ ವ್ಯವಸ್ಥೆಯಿಲ್ಲ, ದಿನ ತುಂಬುವ ಮೊದಲೇ ಮುಖ್ಯಭೂಮಿಗೆ ಬರಬೇಕು. ಹೊಸದಾಗಿ ಮದುವೆಯಾದವರು ನೀವು, ಅದಕ್ಕೇ ಹೇಳಿದೆ.

ಫೆಬ್ರುವರಿ ಮೊದಲಲ್ಲಿ ಹೊರಟರೆ ಕಿಟಕಿಯ ಸೀಟು ಕೇಳಿ. ನಡುಚಳಿಗಾಲದಲ್ಲಿ ಮೂಡದೇ ಇದ್ದ ಸೂರ್ಯ ಆಗ ಟ್ರೋಮ್ಸೊಗೆ ಮರಳಿರುತ್ತಾನೆ. ಉತ್ತರಕ್ಕೆ ಹಾರಿದಂತೆಲ್ಲ ಬೆಳಕು ರೆಕ್ಕೆಯ ಹಿಂದೆ ಕುಂಕುಮದ ಗೆರೆಯಷ್ಟಾಗಿ ಉಳಿಯುತ್ತದೆ, ಮುಂದೆಲ್ಲ ಕಡುನೀಲಿ. ಲಾಂಗ್‌ಯಿಯರ್‌ಬೀನ್‌ಗೆ ಬಿಸಿಲು ಬೀಳುವುದು ಮಾರ್ಚ್ 8ರ ಹೊತ್ತಿಗೆ. ಅಂದು ಊರಿಗೆ ಊರೇ ಹೊರಗೆ ಬಂದು ನಿಂತು ಕಾಯುತ್ತದೆ. ಇಳಿದ ಮೇಲೆ ಪೆಟ್ಟಿಗೆಗಳು ಸುತ್ತುವ ಬೆಲ್ಟಿನ ನಡುವೆ ತೊಗಲಿನೊಳಗೆ ತುಂಬಿ ನಿಲ್ಲಿಸಿದ ಹಿಮಕರಡಿ ಇರುತ್ತದೆ. ಅನೇಕ ಕಟ್ಟಡಗಳಲ್ಲಿ ಬಾಗಿಲಲ್ಲೇ ಬೂಟು ಬಿಚ್ಚಿಟ್ಟು ಒಳಗೆ ಹೋಗಬೇಕು, ಕಲ್ಲಿದ್ದಲ ಗಣಿಯ ಕಾಲದಿಂದ ಬಂದ ಪದ್ಧತಿ. ಮೊದಲ ದಿನ ಕಾಲುಚೀಲದಲ್ಲಿ ನಡೆದಾಗ ನನಗೆ ನಮ್ಮ ಮನೆಯ ಜಗಲಿ ನೆನಪಾಗಿತ್ತು.

ಟಿಕೆಟ್ ತೆಗೆಯುವ ಮೊದಲು ವೀಸಾದ ಚೀಟಿಯಲ್ಲಿ ಪ್ರವೇಶಗಳ ಸಂಖ್ಯೆ ನೋಡಿ. 'MULT' (ಅನೇಕ ಪ್ರವೇಶ) ಎಂದಿದ್ದರೆ ಹೊರಡಿ, '01' (ಒಂದೇ ಪ್ರವೇಶ) ಎಂದಿದ್ದರೆ ಮೊದಲು ನನಗೊಂದು ಕರೆ ಮಾಡಿ.